ಎರಡು ಫುಟ್‌ಬಾಲ್, ಎರಡು ಲೆಕ್ಕ: ಕ್ರೀಡಾ ಪ್ರಸಾರದ ಅಧ್ಯಯನ ಟಿಪ್ಪಣಿ

ಸೆಮಿನಾರ್ ಬರಹಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: 'ಫುಟ್‌ಬಾಲ್ ಜಗತ್ತಿನಲ್ಲೇ ಅತಿ ಜನಪ್ರಿಯ ಆಟ, ಆದರೂ ಅತಿ ಶ್ರೀಮಂತ ಲೀಗ್ ಇರುವುದು ಅಮೆರಿಕನ್ ಫುಟ್‌ಬಾಲಿನಲ್ಲಿ.' ಎರಡೂ ಮಾತು ಸರಿ, ನಡುವಿನ 'ಆದರೂ' ಮಾತ್ರ ತಪ್ಪು. ಎಷ್ಟು ಜನ ನೋಡುತ್ತಾರೆ ಎನ್ನುವುದು ಒಂದು ಲೆಕ್ಕ. ನೋಡುವವರನ್ನು ಜಾಹೀರಾತುದಾರರಿಗೆ ಎಷ್ಟಕ್ಕೆ ಮಾರಬಹುದು ಎನ್ನುವುದು ಬೇರೆಯೇ ಲೆಕ್ಕ. ಈ ಟಿಪ್ಪಣಿ ಇರುವುದು ಆ ಎರಡನ್ನು ಬೇರ್ಪಡಿಸಲಿಕ್ಕೆ.

ಮೊದಲು ಹೆಸರು. ಇಲ್ಲಿ ಬರೀ ಫುಟ್‌ಬಾಲ್ ಎಂದರೆ ಮಳೆಗಾಲದಲ್ಲಿ ನೆಹರೂ ಮೈದಾನದ ಕೆಸರಿನಲ್ಲಿ ಹುಡುಗರು ಆಡುವ ಕಾಲ್ಚೆಂಡು. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಇರುವುದು ಅಮೆರಿಕನ್ ಫುಟ್‌ಬಾಲ್. ಅದರ ಲೀಗ್ ಎನ್‌ಎಫ್‌ಎಲ್. 'ಸಾಕರ್' ಅಮೆರಿಕದವರು ಹುಟ್ಟಿಸಿದ ಪದ ಎಂದು ಬರೆಯಬೇಡಿ. 'ಅಸೋಸಿಯೇಷನ್ ಫುಟ್‌ಬಾಲ್' ಎಂಬ ಉದ್ದ ಹೆಸರನ್ನು ಇಂಗ್ಲೆಂಡಿನ ವಿದ್ಯಾರ್ಥಿಗಳೇ ತುಂಡು ಮಾಡಿ ಮಾಡಿಕೊಂಡ ಪದ ಅದು. ನಮ್ಮ ಕರಾವಳಿಯಲ್ಲಂತೂ ಬರೀ 'ಆಟ' ಎಂದರೆ ಯಕ್ಷಗಾನವೇ ಆಗಿಬಿಡುವುದರಿಂದ, ಉತ್ತರದ ಮೊದಲ ಸಾಲಿನಲ್ಲೇ ಯಾವ ಆಟ ಎಂದು ಹೇಳಿಬಿಡುವುದು ಕ್ಷೇಮ.

ತಲೆ ಎಣಿಸುವ ಎರಡು ವಿಧಾನ

ಅರ್ಧಕ್ಕರ್ಧ ತಪ್ಪು ಹುಟ್ಟುವುದು ಇಲ್ಲೇ. ಪ್ರೇಕ್ಷಕರ ಸಂಖ್ಯೆ ಎಂದು ಪತ್ರಿಕೆಗಳಲ್ಲಿ ಬರುವುದರಲ್ಲಿ ಎರಡು ಬಗೆ. ಒಂದು ರೀಚ್: ಪ್ರಸಾರದ ಯಾವುದೋ ಹೊತ್ತಿನಲ್ಲಿ ನಿಗದಿತ ಕನಿಷ್ಠ ಸಮಯವಾದರೂ ನೋಡಿದವರೆಲ್ಲರ ಎಣಿಕೆ. ಆ ಕನಿಷ್ಠ ಸಮಯ ಒಂದು ನಿಮಿಷವೂ ಇರಬಹುದು, ಮೂರು ನಿಮಿಷವೂ ಇರಬಹುದು. ಇನ್ನೊಂದು ಸರಾಸರಿ ಪ್ರೇಕ್ಷಕರು: ಯಾವುದೇ ಒಂದು ನಿಮಿಷದಲ್ಲಿ ಸರಾಸರಿ ಎಷ್ಟು ಜನ ಪರದೆಯ ಮುಂದಿದ್ದರು ಎಂಬುದು.

ಕಂಬಳದ ಯೂಟ್ಯೂಬ್ ನೇರಪ್ರಸಾರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಂಕಿ ಕಲ್ಪಿತ, ಸೂತ್ರ ನಿಜ. ಪ್ರಸಾರ 240 ನಿಮಿಷ. ಬಂದು ಹೋದವರು 20,000. ಒಬ್ಬೊಬ್ಬರು ಸರಾಸರಿ ನೋಡಿದ್ದು 12 ನಿಮಿಷ. ಒಟ್ಟು ನೋಡಿದ ನಿಮಿಷ 20,000 × 12 = 2,40,000. ಅದನ್ನು 240ರಿಂದ ಭಾಗಿಸಿದರೆ ಸರಾಸರಿ 1,000. ಒಂದೇ ಕಂಬಳ, ಒಂದೇ ರಾತ್ರಿ. ಪೋಸ್ಟರಿನಲ್ಲಿ ಹಾಕಿಕೊಳ್ಳುವವರು 20,000 ಎನ್ನುತ್ತಾರೆ, ಜಾಹೀರಾತಿಗೆ ದುಡ್ಡು ಕೊಡುವವರು 1,000 ಎನ್ನುತ್ತಾರೆ. ಯಾರೂ ಸುಳ್ಳು ಹೇಳಿದಂತಾಗಲಿಲ್ಲ.

ಈಗ ನಿಜ ಅಂಕಿಗೆ ಬನ್ನಿ. 2018ರ ವಿಶ್ವಕಪ್ ಫೈನಲ್ (ಫ್ರಾನ್ಸ್–ಕ್ರೊಯೇಷಿಯಾ) ನೋಡಿದವರು 112 ಕೋಟಿ ಎಂದು ಫಿಫಾ ಹೇಳಿತು, ಅದು ರೀಚ್. ಅದೇ ಫೈನಲ್‌ನ ನೇರಪ್ರಸಾರದ ಸರಾಸರಿ 51.7 ಕೋಟಿ, ಅರ್ಧಕ್ಕಿಂತ ಕಡಿಮೆ. 2025ರ ಫೆಬ್ರವರಿಯಲ್ಲಿ ಈಗಲ್ಸ್–ಚೀಫ್ಸ್ ತಂಡಗಳ ನಡುವೆ ನಡೆದ, ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ಗೆ ಸಿಕ್ಕಿದ್ದು 12.77 ಕೋಟಿ. ಇದು ಸರಾಸರಿ, ಅದೂ ಅಮೆರಿಕವೊಂದರದ್ದು. ಹಾಗಾಗಿ 12.77ರ ಪಕ್ಕ ಇಡಬೇಕಾದದ್ದು 51.7ನ್ನು, 112ನ್ನಲ್ಲ. ಹಾಗೆ ಇಟ್ಟರೂ ಫುಟ್‌ಬಾಲೇ ನಾಲ್ಕು ಪಟ್ಟು ಮುಂದೆ. ಆದರೆ ಒಂದು ಕಡೆ ಇಡೀ ಜಗತ್ತು, ಇನ್ನೊಂದು ಕಡೆ ಸುಮಾರು 34 ಕೋಟಿ ಜನರ ಒಂದೇ ದೇಶ.

'ಸೂಪರ್ ಬೌಲ್ ಅನ್ನು ನೂರು ಕೋಟಿ ಜನ ನೋಡುತ್ತಾರೆ' ಎಂಬ ಹಳೆಯ ಮಾತು ಈಗಲೂ ಓಡಾಡುತ್ತಿದೆ. ಅದು ನೋಡಿದವರ ಎಣಿಕೆಯಲ್ಲ; ಪ್ರಸಾರ ತಲುಪುವ ದೇಶಗಳಲ್ಲಿ ನೋಡಲು ಸಾಧ್ಯವಿರುವವರ ಎಣಿಕೆ. ಉಡುಪಿಯ ಮನೆಯಲ್ಲಿ ಕೇಬಲ್ ಇದೆ ಎಂದಮಾತ್ರಕ್ಕೆ ಅಜ್ಜಿ ಸೂಪರ್ ಬೌಲ್ ನೋಡಿದರು ಎಂದಂತಾಯಿತು!

ಎಣಿಸುವ ಕ್ರಮ ಬದಲಾದರೆ ದಾಖಲೆಯೂ ಮುರಿಯುತ್ತದೆ. 2025ರ ಸೂಪರ್ ಬೌಲ್‌ಗೆ ಸ್ವಲ್ಪ ಮೊದಲು ಟಿವಿ ನೋಡುಗರನ್ನು ಎಣಿಸುವ ನೀಲ್ಸನ್ ಸಂಸ್ಥೆ ಬಾರ್, ಹೋಟೆಲ್, ಸ್ನೇಹಿತರ ಮನೆಗಳಲ್ಲಿ ನೋಡುವವರ ಎಣಿಕೆಯನ್ನು ವಿಸ್ತರಿಸಿತ್ತು. 'ಈವರೆಗಿನ ದಾಖಲೆ' ಎಂದು ಬರೆಯುವಾಗ ಈ ಅಡಿಟಿಪ್ಪಣಿ ಇಲ್ಲದಿದ್ದರೆ ಉತ್ತರ ಅರ್ಧ.

ಗಂತಿನಲ್ಲಿ ಕಳೆಯುವ ಹೊತ್ತು

ಕಂಬಳದಲ್ಲಿ ಒಂದು ಜೋಡಿ ಕೋಣ ಕರೆಯಲ್ಲಿ (ಕೆಸರಿನ ಓಟದ ಹಾದಿ) ಓಡಿ ಮಂಜೊಟ್ಟಿ (ಓಟ ಮುಗಿಯುವ ಜಾಗ) ಮುಟ್ಟಲು ಬೇಕಾದದ್ದು ಹನ್ನೆರಡೋ ಹದಿನೈದೋ ಸೆಕೆಂಡ್. ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ, ಕೋಣಗಳನ್ನು ನೇರ ಮಾಡಿ ಬಿಡುವುದಕ್ಕೆ ಹಿಡಿಯುವ ಹೊತ್ತು ಅದರ ಎಷ್ಟೋ ಪಟ್ಟು. ಮೈಕಿನಲ್ಲಿ ಪ್ರಾಯೋಜಕರ ಹೆಸರು ಬರುವುದು ಆ ಹೊತ್ತಿನಲ್ಲೇ. ಅಮೆರಿಕನ್ ಫುಟ್‌ಬಾಲ್ ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಹೋಲಿಕೆ ಕರಾವಳಿಯಲ್ಲಿ ಸಿಗಲಿಕ್ಕಿಲ್ಲ.

ಗಡಿಯಾರದ ಪ್ರಕಾರ ಆಟ 60 ನಿಮಿಷ, 15 ನಿಮಿಷದ ನಾಲ್ಕು ಕ್ವಾರ್ಟರ್. ಪ್ರಸಾರ ಮಾತ್ರ ಮೂರು ಗಂಟೆಗೂ ಮೇಲೆ. ಚೆಂಡು ನಿಜಕ್ಕೂ ಆಟದಲ್ಲಿರುವುದು ಸುಮಾರು 11 ನಿಮಿಷ. ತಂಡಕ್ಕೆ ನಾಲ್ಕು ಯತ್ನ, ಅಂದರೆ ನಾಲ್ಕು 'ಡೌನ್'. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಒಂದೊಂದು ಯತ್ನ ಮುಗಿಯುವುದು ಐದಾರು ಸೆಕೆಂಡಿನಲ್ಲಿ. ಮುಂದಿನದ್ದನ್ನು ಶುರು ಮಾಡಲು ಸಾಮಾನ್ಯವಾಗಿ 40 ಸೆಕೆಂಡ್ ಅವಕಾಶ. ರೀಪ್ಲೇ ಬರುವುದು, ವಿಶ್ಲೇಷಕರು ಪರದೆಯ ಮೇಲೆ ಗೆರೆ ಎಳೆಯುವುದು ಎಲ್ಲ ಆ 40 ಸೆಕೆಂಡಿನಲ್ಲಿ. ಸಾಲದ್ದಕ್ಕೆ ಟೈಮ್ಔಟ್‌ಗಳಿವೆ, ಎರಡು ನಿಮಿಷ ಉಳಿದಾಗ ಕೊಡುವ ಎಚ್ಚರಿಕೆಯ ಬಿಡುವಿದೆ, ಚೆಂಡು ಕೈ ಬದಲಾಯಿಸುವ ಬಿಡುವಿದೆ. ಎಲ್ಲ ಸೇರಿ ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಜಾಹೀರಾತು ತುರುಕಬಹುದು. 2025ರ ಸೂಪರ್ ಬೌಲ್‌ನಲ್ಲಿ 30 ಸೆಕೆಂಡಿನ ಜಾಹೀರಾತು 80 ಲಕ್ಷ ಡಾಲರ್‌ವರೆಗೂ ಮಾರಾಟವಾಯಿತು.

ಟಿವಿಯಲ್ಲಿ ಕಾಣುವ ಹಳದಿ ಗೆರೆ ಮೈದಾನದಲ್ಲಿ ಇರುವುದಿಲ್ಲ. 10 ಗಜದ ಗುರಿ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಲು ಕಂಪ್ಯೂಟರ್ ಎಳೆಯುವ ಗೆರೆ ಅದು. ಪ್ರಸಾರದಲ್ಲಿ ಮೊದಲು ಬಂದದ್ದು 1998ರಲ್ಲಿ. ಆಟಗಾರ ಮೇಲೆ ಹಾದುಹೋದಾಗ ಗೆರೆ ಅವನ ಕಾಲಡಿಯಲ್ಲೇ ಉಳಿಯುವಂತೆ ಮಾಡಲು ಹುಲ್ಲಿನ ಬಣ್ಣವನ್ನೂ ಅಂಗಿಯ ಬಣ್ಣವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ. ಹೊಸ ನೋಡುಗರಿಗೆ ಸಲಹೆ ಇಷ್ಟೇ: ಮೊದಲ ಪಂದ್ಯದಲ್ಲಿ ಚೆಂಡನ್ನು ಹುಡುಕಬೇಡಿ, ಹಳದಿ ಗೆರೆ ದಾಟಿತೋ ಇಲ್ಲವೋ ಅಷ್ಟನ್ನೇ ನೋಡಿ.

ಫುಟ್‌ಬಾಲಿನ ಕಷ್ಟ ಇದರ ತದ್ವಿರುದ್ಧ. 45 ನಿಮಿಷ ಎಡೆಬಿಡದೆ ಆಟ, 15 ನಿಮಿಷ ವಿರಾಮ, ಮತ್ತೆ 45. ನಡುವೆ ಜಾಹೀರಾತಿಗೆ ಹೋದರೆ ಗೋಲು ತಪ್ಪುತ್ತದೆ, ನೋಡುಗ ಬೈಯುತ್ತಾನೆ. ಅದಕ್ಕೇ ಜಾಹೀರಾತು ಅಂಗಿಯ ಎದೆಗೆ ಹೋಯಿತು, ಅಂಚಿನ ಎಲ್‌ಇಡಿ ಫಲಕಕ್ಕೆ ಹೋಯಿತು. ಈಗ ಆ ಫಲಕದ ಮೇಲೆ ದೇಶಕ್ಕೊಂದು ಜಾಹೀರಾತನ್ನು ಕಂಪ್ಯೂಟರಿನಲ್ಲೇ ಕೂರಿಸುವ ತಂತ್ರವೂ ಇದೆ. ಆದರೂ 30 ಸೆಕೆಂಡಿನ ಇಡೀ ಪರದೆಯ ಬೆಲೆ ಫಲಕಕ್ಕೆ ಬರುವುದಿಲ್ಲ. ಆ ಕೊರತೆಯನ್ನು ತುಂಬುವುದು ಚಂದಾ. ಯುರೋಪಿನಲ್ಲಿ ಲೀಗ್ ಫುಟ್‌ಬಾಲ್ ಬಹುಪಾಲು ಪೇ ಚಾನೆಲ್‌ಗಳಿಗೆ ಹೋಗಿ, ಎನ್‌ಎಫ್‌ಎಲ್‌ನ ಹೆಚ್ಚಿನ ಪಂದ್ಯಗಳು ಅಮೆರಿಕದ ದೊಡ್ಡ ನೆಟ್‌ವರ್ಕ್‌ಗಳಲ್ಲಿ ಉಳಿದಿರುವುದರ ಹಿಂದೆ ಈ ವ್ಯತ್ಯಾಸವೂ ಇದೆ.

ಕೈಯಾರೆ ನೋಡಬೇಕೆಂದರೆ ಫೋನಿನ ಸ್ಟಾಪ್‌ವಾಚ್ ಸಾಕು. ಎನ್‌ಎಫ್‌ಎಲ್ ಪಂದ್ಯದ ಒಂದು ಕ್ವಾರ್ಟರ್ ಇಡಿಯಾಗಿ ನೋಡಿ. ಚೆಂಡು ಹಿಂದಕ್ಕೆ ಕೊಟ್ಟ ಕೂಡಲೇ ಒತ್ತಿ, ಶಿಳ್ಳೆ ಕೇಳಿದಾಗ ನಿಲ್ಲಿಸಿ. ಮುಖ್ಯಾಂಶಗಳ ತುಣುಕಿನಲ್ಲಿ ಇದನ್ನು ಮಾಡಿದರೆ ಲೆಕ್ಕ ಕೆಡುತ್ತದೆ, ಬಿಡುವನ್ನೆಲ್ಲ ಕತ್ತರಿಸಿಯೇ ಅದನ್ನು ಹಾಕಿರುತ್ತಾರೆ.

ಹಣ, ಮತ್ತು ಸೊನ್ನೆಗಳು

ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಗೋಡೆಗೆ ಅಂಟಿಸಿಕೊಳ್ಳಿ. ಒಂದು ಸೊನ್ನೆ ಜಾರಿದರೆ ಇಡೀ ವಾದವೇ ಜಾರುತ್ತದೆ.

2021ರಲ್ಲಿ ಎನ್‌ಎಫ್‌ಎಲ್ ಮಾಡಿಕೊಂಡ, 2023ರಿಂದ 2033ರವರೆಗಿನ 11 ವರ್ಷಗಳ ಪ್ರಸಾರ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್ ಎಂದು ವರದಿಯಾಗಿತ್ತು. ವರ್ಷಕ್ಕೆ 1,000 ಕೋಟಿ. ಲೀಗ್ ಹಂತದಲ್ಲಿ 272 ಪಂದ್ಯ, ಪ್ಲೇಆಫ್ 13, ಒಟ್ಟು 285. ಭಾಗಿಸಿದರೆ ಪಂದ್ಯಕ್ಕೆ ಮೂರೂವರೆ ಕೋಟಿ ಡಾಲರ್. ನಮಗೆ ಪರಿಚಯದ ಐಪಿಎಲ್ 2023–27ಕ್ಕೆ ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. 410 ಪಂದ್ಯದ ಲೆಕ್ಕದಲ್ಲಿ ಒಂದಕ್ಕೆ 118 ಕೋಟಿ ರೂಪಾಯಿ, ಅಂದಿನ ದರದಲ್ಲಿ ಸುಮಾರು ಒಂದೂವರೆ ಕೋಟಿ ಡಾಲರ್. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ 2025–26ರಿಂದ ನಾಲ್ಕು ವರ್ಷಕ್ಕೆ ಬ್ರಿಟನ್ನಿನೊಳಗೆ ಮಾರಿದ್ದು 670 ಕೋಟಿ ಪೌಂಡಿಗೆ. ಸೀಸನ್ನಿಗೆ 270ರಷ್ಟು ಪಂದ್ಯ, ಒಂದಕ್ಕೆ ಸುಮಾರು 62 ಲಕ್ಷ ಪೌಂಡ್.

ಇಲ್ಲಿಗೇ ನಿಲ್ಲಿಸಿದರೆ ಫುಟ್‌ಬಾಲ್ ಬಡವ ಎನಿಸುತ್ತದೆ. ಆದರೆ ಆ 62 ಲಕ್ಷ ತವರಿನ ಹಣ ಮಾತ್ರ. 2022–25ರ ಅವಧಿಯಿಂದ ಪ್ರೀಮಿಯರ್ ಲೀಗ್‌ಗೆ ಹೊರದೇಶಗಳಿಂದ ಬರುವ ಹಕ್ಕಿನ ಹಣ ತವರಿನದ್ದನ್ನೂ ಮೀರಿದೆ. ಎನ್‌ಎಫ್‌ಎಲ್‌ನ ಹಣವಾದರೋ ಹೆಚ್ಚುಕಡಿಮೆ ಅಮೆರಿಕದಲ್ಲೇ ಹುಟ್ಟುವಂಥದ್ದು. ಜತೆಗೆ ಎನ್‌ಎಫ್‌ಎಲ್‌ಗೆ ತನ್ನ ಆಟದಲ್ಲಿ ಸರಿಸಾಟಿಯಾದ ಇನ್ನೊಂದು ವೃತ್ತಿಪರ ಲೀಗ್ ಇಲ್ಲ. ಫುಟ್‌ಬಾಲ್ ಹಣವೋ ಸ್ಪೇನ್, ಜರ್ಮನಿ, ಇಟಲಿ, ಚಾಂಪಿಯನ್ಸ್ ಲೀಗ್, ವಿಶ್ವಕಪ್ ಎಂದು ಹತ್ತಾರು ಕಡೆ ಹಂಚಿಹೋಗುತ್ತದೆ. ಒಂದೇ ಬಾವಿ ಆಳವಾಗಿದೆ, ಇನ್ನೊಂದು ಕಡೆ ಊರೆಲ್ಲ ಕೆರೆಗಳು.

ಆ ಬಾವಿಯನ್ನು ತೋಡಿದ್ದು ಒಂದು ಕಾನೂನು. ಮೊದಲು ಪ್ರತಿ ತಂಡ ತನ್ನ ಪಂದ್ಯವನ್ನು ತಾನೇ ಮಾರಿಕೊಳ್ಳುತ್ತಿತ್ತು. ಎನ್‌ಎಫ್‌ಎಲ್ ಮುಖ್ಯಸ್ಥ (ಕಮಿಷನರ್) ಪೀಟ್ ರೊಜೆಲ್ ಎಲ್ಲ ತಂಡಗಳ ಹಕ್ಕನ್ನು ಒಂದೇ ಗಂಟು ಮಾಡಿ ಮಾರಲು ಹೊರಟಾಗ ಅದು ಪೈಪೋಟಿ ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ತಡೆಯಿತು. 1961ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕ್ರೀಡಾ ಪ್ರಸಾರ ಕಾಯ್ದೆ ತಂದು ವಿನಾಯಿತಿ ಕೊಟ್ಟಿತು. ಅಂದಿನಿಂದ ರಾಷ್ಟ್ರೀಯ ಟಿವಿ ಹಣ ತಂಡಗಳಿಗೆ ಸಮಪಾಲು. ಪುರಾವೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಲೆಕ್ಕಪತ್ರದಲ್ಲಿದೆ. ಸಾರ್ವಜನಿಕ ಷೇರುದಾರರಿರುವ ತಂಡವಾದ್ದರಿಂದ ಅದು ವರ್ಷವರ್ಷ ಲೆಕ್ಕ ಪ್ರಕಟಿಸುತ್ತದೆ. 2025ರ ಲೆಕ್ಕದಲ್ಲಿ ಲೀಗಿನಿಂದ ಬಂದ ಪಾಲು 43.26 ಕೋಟಿ ಡಾಲರ್. 32 ತಂಡಕ್ಕೆ ಗುಣಿಸಿದರೆ 1,384 ಕೋಟಿ; ಟಿವಿಯಲ್ಲದ ಲೀಗ್ ಆದಾಯವೂ ಇದರಲ್ಲಿ ಸೇರಿದೆ. ಗ್ರೀನ್ ಬೇ ಊರಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ನಮ್ಮ ಉಡುಪಿ ನಗರಸಭೆಗಿಂತ ಚಿಕ್ಕದು. ಆದರೂ ಪಾಲಿನಲ್ಲಿ ಅದು ನ್ಯೂಯಾರ್ಕಿಗೆ ಸಮ. ಫುಟ್‌ಬಾಲಿನಲ್ಲಿ ಅಷ್ಟು ಚಿಕ್ಕ ಊರಿನ ತಂಡಕ್ಕೆ ಕೆಳ ಡಿವಿಷನ್ನಿಗೆ ಜಾರುವ ಭಯ ಸದಾ ಇರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ.

ಬೇರೆ ದೇಶಕ್ಕೆ ಹಬ್ಬುವ ಯತ್ನಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಎನ್‌ಎಫ್‌ಎಲ್‌ನ ಯುರೋಪ್ ಲೀಗ್ 2007ರಲ್ಲಿ ಮುಚ್ಚಿತು. ಅದೇ ವರ್ಷದಿಂದ ಲೀಗ್ ತನ್ನ ನಿಜವಾದ ಪಂದ್ಯಗಳನ್ನೇ ಲಂಡನ್ನಿಗೆ ಒಯ್ಯತೊಡಗಿತು. ಮ್ಯೂನಿಕ್‌ಗೆ 2022ರಲ್ಲಿ, ಸಾವೊ ಪೌಲೊಗೆ 2024ರಲ್ಲಿ ಹೋಯಿತು. ಎರಡನೇ ದರ್ಜೆಯ ಸರಕನ್ನು ಪರದೇಶಕ್ಕೆ ಮಾರಲು ಹೋಗಿ ಕೈಸುಟ್ಟುಕೊಂಡ ಮೇಲೆ ಕಲಿತ ಪಾಠ ಎಂದು ನಮಗನಿಸುತ್ತದೆ.

ಗಡಿಯಾರದ ತಪ್ಪುಗಳು

ಪತ್ರಿಕೆಯ ಡೆಸ್ಕಿನಲ್ಲಿ ಕೂರುವವರಿಗೆ ಇದೇ ಹೆಚ್ಚು ಕೆಲಸಕ್ಕೆ ಬರುವ ಭಾಗ. ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ ಬೇಸಿಗೆ ಗಡಿಯಾರದಲ್ಲಿ (ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ) 9 ಗಂಟೆ 30 ನಿಮಿಷ, ಚಳಿಗಾಲದಲ್ಲಿ 10 ಗಂಟೆ 30 ನಿಮಿಷ ಕೂಡಿಸಿದರೆ ನಮ್ಮ ಸಮಯ. ಬ್ರಿಟನ್ನಿಗಾದರೆ 4.30 ಮತ್ತು 5.30. ಬ್ರಿಟನ್ ಗಡಿಯಾರ ಬದಲಾಯಿಸುವುದು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕ ನವೆಂಬರಿನ ಮೊದಲ ಭಾನುವಾರ. ನಡುವಿನ ಆ ವಾರದಲ್ಲಿ ತಪ್ಪುವವರೇ ಹೆಚ್ಚು.

ಸೂಪರ್ ಬೌಲ್ ಅಲ್ಲಿ ಭಾನುವಾರ ಸಂಜೆ 6.30ಕ್ಕೆ, ಇಲ್ಲಿ ಸೋಮವಾರ ಬೆಳಗಿನ ಜಾವ 5, ಬಯಲಾಟದಲ್ಲಿ ಮಂಗಳ ಹಾಡುವ ಹೊತ್ತು. ಇಂಗ್ಲೆಂಡಿನ ಶನಿವಾರ ಮಧ್ಯಾಹ್ನ 3ರ ಪಂದ್ಯ ಚಳಿಗಾಲದಲ್ಲಿ ನಮಗೆ ರಾತ್ರಿ 8.30, ಊಟದ ಹೊತ್ತು. ತಮಾಷೆಯೆಂದರೆ ಆ ಪಂದ್ಯ ಬ್ರಿಟನ್ನಿನ ಟಿವಿಯಲ್ಲೇ ನೇರವಾಗಿ ಬರುವುದಿಲ್ಲ. ಮೈದಾನಗಳು ಖಾಲಿಯಾಗದಿರಲೆಂದು ಶನಿವಾರ 2.45ರಿಂದ 5.15ರವರೆಗೆ ಅಲ್ಲಿ ನೇರಪ್ರಸಾರಕ್ಕೆ ತಡೆ ಇದೆ. ಲಿವರ್‌ಪೂಲಿನ ಮನೆಯವನಿಗೆ ಸಿಗದ ಪಂದ್ಯವನ್ನು ಸುರತ್ಕಲ್ಲಿನವನು ಮೀನು ಸಾರು ಉಣ್ಣುತ್ತಾ ನೋಡಬಹುದು. 1961ರ ಅಮೆರಿಕದ ಕಾಯ್ದೆಯಲ್ಲೂ ಇಂಥದ್ದೇ ಅಂಶವಿದೆ: ಶಾಲೆ, ಕಾಲೇಜು ಪಂದ್ಯಗಳಿಗೆ ಜನ ತಪ್ಪದಿರಲೆಂದು ಸೆಪ್ಟೆಂಬರಿನ ನಡುವಿನಿಂದ ಡಿಸೆಂಬರಿನ ನಡುವಿನ ತನಕ ಶುಕ್ರವಾರ ರಾತ್ರಿ ಮತ್ತು ಶನಿವಾರವನ್ನು ಎನ್‌ಎಫ್‌ಎಲ್ ಪ್ರಸಾರ ಬಿಟ್ಟುಕೊಡುತ್ತದೆ.

ಎರಡು ಆಟಗಳೂ ಒಂದೇ ಹುಲ್ಲಿನ ಮೇಲೆ ಸಿಗುವ ಉದಾಹರಣೆ ಬೇಕಾದರೆ 2026ರ ವಿಶ್ವಕಪ್ ತೆಗೆದುಕೊಳ್ಳಿ. ಅಮೆರಿಕದ 11 ತಾಣಗಳೂ ಎನ್‌ಎಫ್‌ಎಲ್ ಮೈದಾನಗಳೇ. ಅಮೆರಿಕನ್ ಫುಟ್‌ಬಾಲ್ ಅಂಗಣದ ಅಗಲ 48.8 ಮೀಟರ್, ವಿಶ್ವಕಪ್‌ಗೆ ಬೇಕಾದದ್ದು 68. ಫೈನಲ್‌ಗೆ ಆರಿಸಿದ ನ್ಯೂಜೆರ್ಸಿಯ ಮೆಟ್‌ಲೈಫ್ ಮೈದಾನದಲ್ಲಿ ಅದಕ್ಕಾಗಿ ಮೂಲೆಯ ಆಸನಗಳನ್ನೇ ತೆಗೆಯಬೇಕಾಯಿತು. ಪ್ರತಿ ಅರ್ಧದ ನಡುವೆ ನೀರು ಕುಡಿಯಲು ಮೂರು ನಿಮಿಷ ಬಿಡುವು ಎಂದು ಫಿಫಾ ಎಲ್ಲ 104 ಪಂದ್ಯಗಳಿಗೂ ನಿಯಮ ಮಾಡಿತು. ಕಾರಣ ಕೊಟ್ಟದ್ದು ಆಟಗಾರರ ಆರೋಗ್ಯ, ಗಂತಿನ ಬಿಡುವಿನ ಬೆಲೆ ಬಲ್ಲವರಿಗೆ ಕಾಣುವುದು ಆರು ನಿಮಿಷದ ಹೊಸ ಜಾಗ. ಇನ್ನು ಫೈನಲ್‌ನ ಸಮಯ ಅಲ್ಲಿ ಜುಲೈ 19, ಭಾನುವಾರ ಮಧ್ಯಾಹ್ನ 3. ಬೇಸಿಗೆ ಗಡಿಯಾರ, ಆದ್ದರಿಂದ 9.30 ಕೂಡಿಸಿ: ನಮಗೆ ರಾತ್ರಿ 12.30, ದಿನಾಂಕ 20, ಸೋಮವಾರ. 'ಭಾನುವಾರ ರಾತ್ರಿ 12.30' ಎಂದು ಬರೆದರೆ ಅರ್ಧ ಓದುಗರು ಶನಿವಾರ ರಾತ್ರಿಯೇ ಎದ್ದು ಕೂರುತ್ತಾರೆ.