ಶೆಫೀಲ್ಡ್‌ನ ಕ್ಷೌರದ ಕತ್ತಿ ಮೂಲೆ ಸೇರಿದ್ದು ಹೇಗೆ?

ಬಳ್ಳಾರಿಯಲ್ಲಿ ನಿಮಗೆ ಗೊತ್ತಿರುವ ವಯಸ್ಸಾದ ಕ್ಷೌರಿಕರ ಹತ್ತಿರ ಹಳೇ ಮಡಚುವ ಕತ್ತಿ ಇದ್ದರೆ ಒಮ್ಮೆ ಕೈಗೆ ತಗೊಂಡು ನೋಡಿ. ಅಲಗಿನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಊರಿನ ಹೆಸರು ಒತ್ತಿರಬಹುದು. ಇಂಗ್ಲೆಂಡಿನ ಶೆಫೀಲ್ಡ್, ಇಲ್ಲಾಂದ್ರೆ ಜರ್ಮನಿಯ ಜೋಲಿಂಗೆನ್.

ಸಂಡೂರಿನ ಅದಿರು ನೋಡಿ ಬೆಳೆದ ನಮಗೆ ಕಬ್ಬಿಣ ಇದ್ದ ಕಡೆ ಕಸುಬು ಬೆಳೆಯುತ್ತೆ ಅನ್ನಿಸುವುದು ಸಹಜ. ಆದರೆ ಶೆಫೀಲ್ಡ್‌ನ ಒಳ್ಳೇ ಕತ್ತಿಗಳ ಕಬ್ಬಿಣ ಬರುತ್ತಿದ್ದದ್ದು ಸ್ವೀಡನ್ನಿನಿಂದ! ಊರಿನಲ್ಲಿ ಇದ್ದದ್ದು ಐದು ಹೊಳೆ, ಗುಡ್ಡದ ಸಾಣೆಕಲ್ಲು, ಮತ್ತೆ ಪಳಗಿದ ಕೈ. ಹೊಳೆ ನೀರು ಚಕ್ರ ತಿರುಗಿಸುತ್ತಿತ್ತು, ಚಕ್ರ ಸಾಣೆ ತಿರುಗಿಸುತ್ತಿತ್ತು. ಚಾಕು, ಕತ್ತಿ ಮಾಡುವವರ ಸಂಘಕ್ಕೆ 1624ರಲ್ಲೇ ಕಾನೂನಿನ ಮನ್ನಣೆ ಸಿಕ್ಕಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅನ್ನುವ ಗಡಿಯಾರದ ಕೆಲಸಗಾರ ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸಿ ಹದ ಮಾಡಿದ. ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ದಕ್ಷಿಣದ ಕಮ್ಮಾರರಿಗೆ ಅದಕ್ಕೂ ಎಷ್ಟೋ ಶತಮಾನ ಮೊದಲೇ ಗೊತ್ತಿತ್ತು, ಅದನ್ನೂ ಹೇಳಲೇಬೇಕು.

ಒಂದು ಕತ್ತಿ ಹಲವರ ಕೈ ದಾಟುತ್ತಿತ್ತು. ಒಬ್ಬ ಬಡಿಯುವವ, ಒಬ್ಬ ಸಾಣೆ ಹಿಡಿಯುವವ, ಒಬ್ಬ ಕೊಂಬಿನ ಹಿಡಿ ಕೂಡಿಸುವವ. ಸಾಣೆಯವನ ಪಾಡು ಕೇಳಬೇಡಿ. ಕುದುರೆ ಮೇಲೆ ಕೂತ ಹಾಗೆ ಮರದ ದಿಮ್ಮಿ ಮೇಲೆ ಕಾಲು ಇಳಿಬಿಟ್ಟು, ತಿರುಗುವ ಕಲ್ಲಿನ ಮೇಲೆ ಬಗ್ಗಿ, ದಿನವಿಡೀ ಕಲ್ಲು ಮತ್ತು ಉಕ್ಕಿನ ಧೂಳು ಕುಡಿಯಬೇಕು. ಅದರಲ್ಲೂ ಊಟದ ಫೋರ್ಕಿಗೆ ನೀರಿಲ್ಲದೆ ಒಣ ಸಾಣೆ ಹಿಡಿಯುವವರು ನಲವತ್ತು ವರ್ಷ ದಾಟುವುದೇ ಅಪರೂಪವಾಗಿತ್ತು. ಧೂಳು ಎಳೆಯುವ ಫ್ಯಾನ್ ಗೊತ್ತಿದ್ದರೂ ಎಲ್ಲ ಕಡೆ ಬರಲು ದಶಕಗಳೇ ಹಿಡಿದವು. ಕೊಪ್ಪಳದ ಕಾರ್ಖಾನೆಗಳ ಸುತ್ತಲಿನ ಹಳ್ಳಿಯವರು ಕಪ್ಪು ಧೂಳಿನ ಬಗ್ಗೆ ದೂರು ಹೇಳುವಾಗ ನನಗೆ ಈ ಸಾಣೆಯವರೇ ನೆನಪಾಗುತ್ತಾರೆ.

ಪೆಟ್ಟು ಒಂದೇ ಸಲ ಬೀಳಲಿಲ್ಲ. 1890ರಲ್ಲಿ ಅಮೆರಿಕ ಆಮದು ಸುಂಕ ಏರಿಸಿತು, ದೊಡ್ಡ ಗಿರಾಕಿಯೇ ದೂರವಾದ. ಜೋಲಿಂಗೆನ್‌ನವರು ಅಲಗನ್ನು ಎರಡೂ ಕಡೆ ಒಳಗೆ ಕೊರೆದು ತೆಳ್ಳಗೆ ಮಾಡುವುದರಲ್ಲಿ ಮುಂದೆ ಹೋದರು. ಆದರೂ ಕತ್ತಿಗೆ ನಿಜವಾದ ಏಟು ಕೊಟ್ಟದ್ದು 1903ರಲ್ಲಿ ಮಾರಾಟಕ್ಕೆ ಬಂದ ಜಿಲೆಟ್‌ನ ಬಿಸಾಡುವ ಬ್ಲೇಡು ಅಂತ ನನ್ನ ಅನಿಸಿಕೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗೆ ಸುಮಾರು 35 ಲಕ್ಷ ಜಿಲೆಟ್ ರೇಜರ್ ಹಂಚಿತು. ಯುದ್ಧ ಮುಗಿಸಿ ಊರಿಗೆ ಬಂದ ಹುಡುಗರಿಗೆ ಮನೆಯಲ್ಲೇ ಗಡ್ಡ ಮಾಡಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ಸಾಣೆ ಬೇಡ, ಚರ್ಮದ ಪಟ್ಟಿಗೆ ತೀಡುವುದು ಬೇಡ. ಅಷ್ಟು ಕೈಗಳ ಕೆಲಸ ಯಾರಿಗೆ ಬೇಕು ಹೇಳಿ?

ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಅದೇ ಊರಿನ ಹ್ಯಾರಿ ಬ್ರಿಯರ್ಲಿ ಕಂಡುಹಿಡಿದಾಗ ಅಲ್ಲಿನ ಚಾಕುವಿನವರು ಮೊದಮೊದಲು ನಂಬಲೇ ಇಲ್ಲ. ಆಮೇಲೆ ಅದೇ ಉಕ್ಕಿನ ಚಮಚ, ಫೋರ್ಕುಗಳು ಊರನ್ನು ಇನ್ನಷ್ಟು ವರ್ಷ ಸಾಕಿದವು. ಕೊನೆಗೆ ಜಪಾನ್, ಹಾಂಗ್‌ಕಾಂಗ್‌ನ ಅಗ್ಗದ ಮಾಲು ಬಂತು. 1982ರಲ್ಲಿ ವೈನರ್ಸ್‌ನಂಥ ದೊಡ್ಡ ಕಂಪನಿಯೇ ಬಾಗಿಲು ಹಾಕಿತು.

ನಮ್ಮ ಕಟಿಂಗ್ ಶಾಪುಗಳಲ್ಲೂ ಈಗ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯೇ. ರೋಗ ಒಬ್ಬರಿಂದ ಒಬ್ಬರಿಗೆ ಹರಡಬಾರದು ಅಂದ್ರೆ ಅದೇ ಸರಿ. ಶೆಫೀಲ್ಡ್‌ನಲ್ಲಿ ಕೈಯಿಂದ ಕತ್ತರಿ ಮಾಡುವ ಬೆರಳೆಣಿಕೆಯ ಕಾರ್ಖಾನೆಗಳು ಉಳಿದಿವೆ, ಹೊಸಬರಿಗೆ ಕೆಲಸವನ್ನೂ ಕಲಿಸುತ್ತಿವೆ.