ಫುಲ್ ಟವರ್ ಇದೆ, ನೆಟ್ ಮಾತ್ರ ಇಲ್ಲ

ಮಳೆಗಾಲ ಶುರುವಾಯಿತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಅಣ್ಣಾ, ವೈ-ಫೈ ಫುಲ್ ಟವರ್ ತೋರಿಸ್ತಿದೆ, ಮೀಟಿಂಗ್ ಮಾತ್ರ ಓಪನ್ ಆಗ್ತಿಲ್ಲ." ಯಾವ ವೈ-ಫೈಗೆ ಕನೆಕ್ಟ್ ಆಗಿದೆ ಅಂತ ಕೇಳುತ್ತೇನೆ. "ನಮ್ಮನೇದಕ್ಕೇ ಆಗಿರುತ್ತಲ್ವಾ?" ಅನ್ನುತ್ತಾರೆ. ಆಗಿರುತ್ತೆ ಅನ್ನುವುದು ಬೇಡ, ಹೆಸರು ಓದಿ ಹೇಳಿ ಅಂದರೆ ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ. ಓದಿದ ಮೇಲೆ ಅವರೇ "ಅಯ್ಯೋ" ಅನ್ನುತ್ತಾರೆ.

ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಮನೆಗಳಿಗೆ ರೂಟರ್ ಕೂರಿಸಿಕೊಡುವುದು ನನ್ನ ಕೆಲಸ. ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಹುಡುಗ ಹುಡುಗಿಯರು ಊರಿಗೆ ಬಂದ ಮೇಲೆ ಒಂದೊಂದು ಮನೆಯಲ್ಲೂ ಎರಡು ನೆಟ್. ಗೋಡೆ ಮೇಲೆ ಫೈಬರ್, ಕರೆಂಟ್ ಹೋದಾಗಕ್ಕೆ ಮೊಬೈಲ್ ಹಾಟ್‌ಸ್ಪಾಟ್. ಮನೆ ದೊಡ್ಡದಾದರೆ ರೂಟರಿನ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸಲು ಮಹಡಿಯಲ್ಲೊಂದು ಎಕ್ಸ್‌ಟೆಂಡರ್. ಇಷ್ಟೆಲ್ಲ ಇದ್ದರೆ ಲ್ಯಾಪ್‌ಟಾಪ್ ಯಾವುದು ಚೆನ್ನಾಗಿದೆಯೋ ಅದನ್ನು ತಾನೇ ಆರಿಸಿಕೊಳ್ಳುತ್ತದೆ ಅಂತ ಎಲ್ಲರ ನಂಬಿಕೆ.

ಹಾಗೆ ಆರಿಸಿಕೊಳ್ಳುವುದಿಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಹುಡುಕುವುದು ಒಳ್ಳೆಯ ನೆಟ್ ಅನ್ನಲ್ಲ, ಪರಿಚಯದ ಹೆಸರನ್ನು. ಹಿಂದೆ ಯಾವತ್ತೋ ಪಾಸ್‌ವರ್ಡ್ ಹೊಡೆದು, 'ಕನೆಕ್ಟ್ ಆಟೊಮ್ಯಾಟಿಕಲಿ' ಅನ್ನುವ ಟಿಕ್ ಹಾಗೇ ಬಿಟ್ಟಿದ್ದೀರಲ್ಲ, ಆ ಹೆಸರು ಕಂಡರೆ ಸಾಕು. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡ್ ನೋಡಿ ಹತ್ತಿ ಕೂತ ಹಾಗೆ. ಬಸ್ಸಿನಲ್ಲಿ ಡೀಸೆಲ್ ಇದೆಯೋ ಇಲ್ಲವೋ ಮೊದಲೇ ಕೇಳಿ ಹತ್ತುವುದಿಲ್ಲ.

ಮತ್ತೆ ಆ ಫುಲ್ ಟವರ್? ಅದು ನಿಮ್ಮ ಲ್ಯಾಪ್‌ಟಾಪಿಗೂ ಗೋಡೆಯ ರೂಟರ್ ಡಬ್ಬಕ್ಕೂ ನಡುವಿನ ಕಥೆ ಮಾತ್ರ. ಡಬ್ಬದಿಂದಾಚೆ ಫೈಬರ್ ಕಂಬ ಹಿಡಿದು ಎಷ್ಟೋ ದೂರ ಹೋಗಬೇಕು. ನಡುವೆ ಎಲ್ಲೋ ಮರ ಬಿದ್ದಿರುತ್ತದೆ, ಇಲ್ಲ ಜೆಸಿಬಿಯವನು ರಸ್ತೆ ಅಗೆದಿರುತ್ತಾನೆ. ಮನೆಯಲ್ಲಿ ಇನ್ವರ್ಟರ್ ಇದೆ, ಡಬ್ಬ ಆನ್ ಆಗಿಯೇ ಇದೆ. ಲ್ಯಾಪ್‌ಟಾಪಿಗೆ ಅದರ ಸಿಗ್ನಲ್ ಭರ್ಜರಿಯಾಗಿ ಸಿಗುತ್ತದೆ, ಅದಕ್ಕೇ ಅಂಟಿಕೊಂಡು ಕೂತಿರುತ್ತದೆ. 'ನೋ ಇಂಟರ್ನೆಟ್' ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದುವವರು ಯಾರು! ಫೈಬರ್ ಡಬ್ಬದಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಡಬ್ಬದವರೆಗೆ ಬರುತ್ತಿಲ್ಲ ಅಂತ ಅರ್ಥ. ಆಗ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಏನೂ ಪ್ರಯೋಜನವಿಲ್ಲ. ನನ್ನನ್ನು ಕರೆದೂ ಇಲ್ಲ, ಕೇಬಲ್‌ನವರಿಗೆ ಫೋನ್ ಮಾಡಬೇಕು.

ಇದಕ್ಕಿಂತ ದುಡ್ಡು ತಿನ್ನುವುದು ಇನ್ನೊಂದು ಥರದ್ದು. ತೀರ್ಥಹಳ್ಳಿ ಹತ್ತಿರದ ಒಂದು ಮನೆ. ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಕರೆಂಟ್ ಹೋಯಿತು, ಹಾಟ್‌ಸ್ಪಾಟ್ ಆನ್ ಮಾಡಿದಳು. ಅರ್ಧ ಗಂಟೆಗೆ ಕರೆಂಟ್ ಬಂತು, ಡಬ್ಬದ ದೀಪಗಳೆಲ್ಲ ಹಸಿರಾದವು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ದಿನದ 2 ಜಿಬಿ ಖಾಲಿ. "ಫೈಬರ್ ಇರುವಾಗ ಮೊಬೈಲ್ ಡೇಟಾ ಹೇಗೆ ಖಾಲಿಯಾಗುತ್ತೆ?" ಅಂತ ಅವರಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಕಾಫಿ ಕೊಟ್ಟು ತರಾಟೆಗೆ ತೆಗೆದುಕೊಂಡರು ಅನ್ನಿ, ಅಷ್ಟು ಒಳ್ಳೆಯವರು.

ಆಗಿದ್ದು ಇಷ್ಟೇ. ಫೈಬರ್ ವಾಪಸ್ ಬಂತು, ಲ್ಯಾಪ್‌ಟಾಪ್ ವಾಪಸ್ ಬರಲಿಲ್ಲ. ವಿಂಡೋಸ್ ಒಮ್ಮೆ ಒಂದು ನೆಟ್‌ವರ್ಕ್ ಹಿಡಿಯಿತೆಂದರೆ, ಅದು ಕೈಕೊಡುವ ತನಕ ಸಾಮಾನ್ಯವಾಗಿ ಬಿಡುವುದಿಲ್ಲ. ಹೆಚ್ಚು ಇಷ್ಟದ್ದು ಸಿಕ್ಕಾಗ ಬದಲಾಯಿಸು ಅನ್ನುವ ಆಯ್ಕೆ ಒಳಗೆಲ್ಲೋ ಇದೆ, ಆದರೆ ನಾವಾಗಿ ಆನ್ ಮಾಡಿದರೆ ಮಾತ್ರ. ವಿಂಡೋಸ್ 7ರಲ್ಲಿ ನೆಟ್‌ವರ್ಕುಗಳ ಪಟ್ಟಿಯನ್ನು ಕಣ್ಣೆದುರೇ ಮೇಲೆ ಕೆಳಗೆ ಸರಿಸಬಹುದಿತ್ತು. ವಿಂಡೋಸ್ 8 ಬಂದಾಗ ಅದನ್ನು ತೆಗೆದುಹಾಕಿದರು. ಯಾಕೆ ತೆಗೆದರೋ, ನನಗಂತೂ ಇವತ್ತಿಗೂ ಸಿಟ್ಟಿದೆ. ಆಮೇಲಿಂದ ನೀವು ಕೊನೆಗೆ ಕೈಯಾರೆ ಯಾವುದನ್ನು ಆರಿಸಿದಿರೋ ಅದಕ್ಕೇ ಮೊದಲ ಮಣೆ. ಅಂದರೆ ತುರ್ತಿಗೆ ಅಂತ ಒಮ್ಮೆ ಒತ್ತಿದ ಹಾಟ್‌ಸ್ಪಾಟೇ ನಾಳೆಗೂ ಯಜಮಾನ ಆಗಬಹುದು. ಕಪ್ಪು ಪರದೆಯಲ್ಲಿ ಕಮಾಂಡ್ ಬರೆದು ಕ್ರಮ ಬದಲಿಸುವ ದಾರಿ ಈಗಲೂ ಇದೆ. ಮನೆಯವರಿಗೆ ಅದನ್ನು ಹೇಳಿಕೊಡಲು ನಾನು ಹೋಗುವುದಿಲ್ಲ.

ನಾನು ಮಾಡಿಕೊಡುವುದು ಸುಲಭದ್ದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅಲ್ಲಿ ವೈ-ಫೈ, ಅಲ್ಲಿ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್'. ಫೈಬರ್ ಹೆಸರಿಗೆ ಆಟೊಮ್ಯಾಟಿಕ್ ಇರಲಿ. ಮೊಬೈಲ್ ಹಾಟ್‌ಸ್ಪಾಟ್ ಹೆಸರಿಗೆ ಆ ಟಿಕ್ ತೆಗೆಯಿರಿ, ಬೇಕಾದಾಗ ಕೈಯಾರೆ ಒತ್ತಿದರಾಯಿತು. ಹಾಟ್‌ಸ್ಪಾಟನ್ನು 'ಮೀಟರ್ಡ್ ಕನೆಕ್ಷನ್', ಅಂದರೆ ಡೇಟಾ ಲೆಕ್ಕ ಇಟ್ಟು ಬಳಸಬೇಕಾದ ನೆಟ್, ಅಂತಲೂ ಗುರುತು ಮಾಡಿ. ಆಗ ವಿಂಡೋಸ್ ಅಪ್‌ಡೇಟ್ ಬಹುಮಟ್ಟಿಗೆ ಸುಮ್ಮನಿರುತ್ತದೆ. ಮುಕ್ಕಾಲು ತಲೆನೋವು ಇಲ್ಲಿಗೇ ಮುಗಿಯುತ್ತದೆ. ವಿಂಡೋಸ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಜಾಗ ಸ್ವಲ್ಪ ಆಚೀಚೆ ಇರಬಹುದು, ಹುಡುಕಿದರೆ ಸಿಗುತ್ತದೆ.

ಇದನ್ನು ಬಿಟ್ಟು ಜನ ಮಾಡುವುದೇನು? 'ಫರ್ಗೆಟ್' ಒತ್ತುತ್ತಾರೆ. ಏನೇ ತೊಂದರೆಯಾದರೂ ಫರ್ಗೆಟ್. ಒತ್ತಿದರೆ ಲ್ಯಾಪ್‌ಟಾಪ್ ಆ ನೆಟ್‌ವರ್ಕಿನ ಪಾಸ್‌ವರ್ಡನ್ನೇ ಮರೆತುಬಿಡುತ್ತದೆ. ಆಮೇಲೆ ಪಾಸ್‌ವರ್ಡ್ ನೆನಪಿರುವುದಿಲ್ಲ, ರಾತ್ರಿ ಹತ್ತಕ್ಕೆ ನನಗೆ ಫೋನು.

ಇನ್ನು ಕೆಲವರು ಜಾಸ್ತಿ ಬುದ್ಧಿವಂತರು. ಒಬ್ಬ ಹುಡುಗ ತನ್ನ ಹಾಟ್‌ಸ್ಪಾಟಿಗೆ ಮನೆ ರೂಟರಿನದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟಿದ್ದ. ಕರೆಂಟ್ ಹೋದಾಗ ಅಜ್ಜಿಯ ಟ್ಯಾಬ್ ತಾನಾಗಿಯೇ ಕನೆಕ್ಟ್ ಆಗಲಿ ಅಂತ. ಆಗುತ್ತಿತ್ತು ಕೂಡ. ಆದರೆ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಒಂದೇ ಆದರೆ ಲ್ಯಾಪ್‌ಟಾಪಿಗೆ ಎರಡೂ ಒಂದೇ ನೆಟ್‌ವರ್ಕ್. ಆಗ ಹತ್ತಿರದ್ದನ್ನು, ಜೋರಾಗಿ ಕೇಳಿಸಿದ್ದನ್ನು ಹಿಡಿಯುತ್ತದೆ. ರೂಟರ್ ಜಗಲಿಯಲ್ಲಿ, ಮೊಬೈಲ್ ಮೇಜಿನ ಮೇಲೆ. ಹಾಟ್‌ಸ್ಪಾಟ್ ಆಫ್ ಮಾಡಲು ಮರೆತರೆ ಯಾವುದನ್ನು ಹಿಡಿಯುತ್ತದೆ, ನೀವೇ ಹೇಳಿ. ಪರದೆಯ ಮೇಲೆ ಹೆಸರು ನೋಡಿದರೂ ಗೊತ್ತಾಗುವ ಹಾಗಿಲ್ಲ.

ಹಾಗಾಗಿ ಬೇರೆ ಬೇರೆ ಹೆಸರಿಡಿ. ಕನ್ನಡದಲ್ಲಿ ಇಡುವ ಆಸೆ ಇರುವವರಿಗೊಂದು ಮಾತು: ವೈ-ಫೈ ಹೆಸರಿಗೆ 32 ಬೈಟ್ ಮಾತ್ರ ಜಾಗ, ಕನ್ನಡದ ಪ್ರತಿ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಸಾಮಾನ್ಯವಾಗಿ ಮೂರು ಮೂರು ಬೈಟ್. 'ಶ್ರೀ' ಒಂದಕ್ಕೇ 12 ಹೋಗುತ್ತದೆ. ಮನೆದೇವರ ಪೂರ್ತಿ ಹೆಸರು ಹಾಕಿಕೊಡಿ ಅಂದವರಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಎಕ್ಸ್‌ಟೆಂಡರ್ ಕಥೆ ಉಲ್ಟಾ. ಅಲ್ಲಿ ಹೆಸರು ಒಂದೇ ಇರುವುದು ಒಳ್ಳೆಯದೇ. ಆದರೂ ಮಹಡಿಗೆ ಹೋದ ಮೇಲೂ ಲ್ಯಾಪ್‌ಟಾಪ್ ಕೆಳಗಿನ ರೂಟರನ್ನೇ ಜಗ್ಗಿಕೊಂಡಿರಬಹುದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಯಾವಾಗ ಜಿಗಿಯಬೇಕು ಅನ್ನುವ ಕೊನೆಯ ತೀರ್ಮಾನ ಲ್ಯಾಪ್‌ಟಾಪಿನದು, ರೂಟರಿನದಲ್ಲ. ಒಮ್ಮೆ ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಹತ್ತಿರದ್ದಕ್ಕೆ ಬರುತ್ತದೆ. ಹಾಗೇ, ರೂಟರ್ ಹೆಸರಿನ ಕೊನೆಗೆ 5ಜಿ ಅಂತ ಇದ್ದರೆ ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅನ್ನುವ ರೇಡಿಯೊ ಅಲೆ. ವೇಗ ಜಾಸ್ತಿ, ಆದರೆ ನಮ್ಮ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಾಗ ಸುಸ್ತಾಗುತ್ತದೆ. ಅಡುಗೆಮನೆ ಆಚೆ ಕೂರುವವರು 2.4 ಗಿಗಾಹರ್ಟ್ಸ್‌ನದನ್ನು ಹಿಡಿಯುವುದೇ ವಾಸಿ.

ಆ ನೋನ್ ನೆಟ್‌ವರ್ಕ್ಸ್ ಪಟ್ಟಿ ತೆರೆದಾಗ ಇನ್ನೊಂದು ಕೆಲಸ ಮಾಡಿ. ಹೋಟೆಲ್ಲು, ಲಾಡ್ಜು, ರೈಲ್ವೆ ಸ್ಟೇಷನ್ ಅಂತ ವರ್ಷಗಟ್ಟಲೆ ಕೂಡಿಟ್ಟ ಹೆಸರುಗಳು ಅಲ್ಲಿರುತ್ತವೆ. ಫರ್ಗೆಟ್ ಒತ್ತುವ ಚಪಲ ಇದ್ದರೆ ಇಲ್ಲಿ ತೀರಿಸಿಕೊಳ್ಳಿ. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕಿನ ಹೆಸರನ್ನು ಯಾರು ಬೇಕಾದರೂ ತಮ್ಮ ಡಬ್ಬಕ್ಕೆ ಇಟ್ಟುಕೊಳ್ಳಬಹುದು. ಹೆಸರು ನೋಡಿ ಹೋಗುವ ಲ್ಯಾಪ್‌ಟಾಪಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಲಾಡ್ಜಿಗೆ ಮತ್ತೆ ಹೋದಾಗ ಮತ್ತೆ ಕನೆಕ್ಟ್ ಮಾಡಿಕೊಂಡರಾಯಿತು.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇದ್ಯಾವುದನ್ನೂ ಮುಟ್ಟುವ ಮುಂಚೆ ಅವರ ಐಟಿಯವರನ್ನು ಕೇಳಿ. ಕೆಲವು ಕಂಪನಿಗಳು ಈ ಸೆಟ್ಟಿಂಗುಗಳಿಗೆ ಬೀಗ ಹಾಕಿರುತ್ತವೆ. ಅದನ್ನು ಬಿಡಿಸಿಕೊಡಿ ಅಂತ ನನ್ನ ಹತ್ತಿರ ತರಬೇಡಿ, ನಾನು ಮಾಡಿಕೊಡುವುದಿಲ್ಲ.