ಬೆರಳು ನೋವಿಗೆ ಎದೆಯ ಎಕ್ಸ್‌ರೇ ಯಾಕೆ?

ಶಿಡ್ಲಘಟ್ಟದಲ್ಲಿರುವ ನಮ್ಮ ಅತ್ತೆ ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ನಾಲ್ಕು ವರ್ಷದಿಂದ ಅವರ ಬೆರಳಿನ ಗಿಣ್ಣುಗಳು ಊದಿಕೊಂಡಿವೆ, ಬೆಳಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟೋಕೂ ಆಗುವುದಿಲ್ಲ. ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಿ ಹುಡುಕಿ ಹೀಗಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದಲ್ಲ, ರುಮಟಾಯ್ಡ್ ಆರ್ಥರೈಟಿಸ್ ಅಂದರು ಡಾಕ್ಟರ್. ಅಂದರೆ ನಮ್ಮದೇ ರಕ್ಷಣಾ ವ್ಯವಸ್ಥೆ ಕೀಲುಗಳ ಮೇಲೆ ತಿರುಗಿಬೀಳುವ ಒಂದು ಬಗೆಯ ಸಂಧಿವಾತ. ಮಾತ್ರೆ ಸಾಲದೆ ಹೋದಾಗ ಇಂಜೆಕ್ಷನ್ ಶುರು ಮಾಡೋಣ ಅಂತ ಹೇಳಿ, ಅದಕ್ಕೂ ಮೊದಲು ಎದೆಯ ಎಕ್ಸ್‌ರೇ ಮತ್ತು ಟಿಬಿಗೆ ಒಂದು ರಕ್ತಪರೀಕ್ಷೆ ಬರೆದುಕೊಟ್ಟರು.

"ಅಲ್ಲಪ್ಪಾ, ನೋವಿರೋದು ಬೆರಳಲ್ಲಿ. ಎದೆ ಫೋಟೋ ಯಾಕೆ ತೆಗೀತಾರೆ?" ಅಂತ ಅತ್ತೆ ನನ್ನನ್ನು ಕೇಳಿದರು.

ಬಹಳ ಒಳ್ಳೆ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

1897ರಲ್ಲಿ ಜರ್ಮನಿಯ ಪಾಲ್ ಎರ್ಲಿಶ್ ಒಂದು ಊಹೆ ಮುಂದಿಟ್ಟರು. ಜೀವಕೋಶದ ಹೊರಮೈಯಲ್ಲಿ ಸಣ್ಣ ಸಣ್ಣ ಕೊಂಡಿಗಳಿವೆ, ಆ ಕೊಂಡಿಗೆ ಹೊಂದುವ ವಸ್ತು ಬಂದು ಅಂಟಿದರೆ ಮಾತ್ರ ಕೋಶಕ್ಕೆ ಏನಾದರೂ ಆಗುತ್ತದೆ ಅಂತ. ಆಗ ಯಾರೂ ಅದನ್ನು ಕಣ್ಣಲ್ಲಿ ಕಂಡವರಿರಲಿಲ್ಲ. ಇವತ್ತು ಅವನ್ನೇ ರಿಸೆಪ್ಟರ್ ಅನ್ನುತ್ತೇವೆ.

ಅತ್ತೆಗೆ ಇದನ್ನು ಹೇಳುವುದು ಕಷ್ಟವಾಗಲಿಲ್ಲ. ಬಿತ್ತನೆ ಕೋಠಿಯಲ್ಲಿ ಹೆಣ್ಣು ಚಿಟ್ಟೆ ಸುಮ್ನೆ ಕೂತಿರುತ್ತದೆ, ಗಂಡು ಚಿಟ್ಟೆ ಮಾತ್ರ ರೆಕ್ಕೆ ಬಡಿಯುತ್ತಾ ಅದರ ಕಡೆ ಹೊರಡುತ್ತದೆ. ಹೆಣ್ಣು ಬಿಟ್ಟ ವಾಸನೆ ಕೋಣೆಯಲ್ಲೆಲ್ಲ ಇದೆ, ನಮ್ಮ ಮೂಗಿಗೂ ಹೋಗುತ್ತದೆ, ಆದರೆ ಅದನ್ನು ಹಿಡಿಯುವ ರಿಸೆಪ್ಟರ್ ಇರುವುದು ಗಂಡಿನ ಮೀಸೆಯಲ್ಲಿ. ಆ ವಾಸನೆ ಯಾವುದು ಅಂತ 1959ರಲ್ಲಿ ಕಂಡುಹಿಡಿದಾಗ, ಸುಮಾರು ಐದು ಲಕ್ಷ ರೇಷ್ಮೆ ಚಿಟ್ಟೆಗಳಿಂದ ಅದನ್ನು ಒಟ್ಟುಮಾಡಬೇಕಾಯಿತು. ಮೈಯೊಳಗೂ ಹೀಗೇ. ಸುದ್ದಿ ರಕ್ತದಲ್ಲಿ ಎಲ್ಲ ಕಡೆ ಹರಿಯುತ್ತದೆ, ಆದರೆ ಕಿವಿ ಇರುವ ಕೋಶಕ್ಕೆ ಮಾತ್ರ ಕೇಳಿಸುತ್ತದೆ.

ಸುದ್ದಿ ಒಯ್ಯುವ ಇಂಥ ಪ್ರೋಟೀನ್‌ಗಳಿಗೆ ಸೈಟೊಕೈನ್ ಅಂತ ಹೆಸರು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ತುಂಡುಗಳನ್ನು, ಬಿಸಿ ಮಾಡಿ ಕೊಂದ ಫ್ಲೂ ವೈರಸ್ ಜೊತೆ ಇಟ್ಟರು. ಆ ದ್ರವವನ್ನು ಹೊಸ ತುಂಡುಗಳಿಗೆ ಹಾಕಿದರೆ, ಅವುಗಳಲ್ಲಿ ಜೀವಂತ ವೈರಸ್ ಬೆಳೆಯಲಿಲ್ಲ. ಅಂದರೆ ವೈರಸ್ ಕಂಡ ಕೋಶ ಅಕ್ಕಪಕ್ಕದವರಿಗೆ ಏನನ್ನೋ ಹೇಳಿ ಕಳಿಸಿತ್ತು! ಅದಕ್ಕೆ ಇಂಟರ್‌ಫೆರಾನ್ ಅಂತ ಹೆಸರಿಟ್ಟರು.

2006ರಲ್ಲಿ ನಮ್ಮ ಕಡೆ ಚಿಕೂನ್‌ಗುನ್ಯಾ ಬಂದದ್ದು ಯಾರಿಗೆ ನೆನಪಿಲ್ಲ ಹೇಳಿ. ಆ ಜ್ವರ, ಮೈಕೈ ನೋವು ಎಲ್ಲ ಬರೀ ವೈರಸ್ಸಿನ ಕೆಲಸವಲ್ಲ, ಬಹುಪಾಲು ನಮ್ಮದೇ ಸೈಟೊಕೈನ್‌ಗಳದ್ದು.

ಕೋಶದ ಒಳಗೆ ಏನಾಗುತ್ತದೆ ಅನ್ನುವುದು ಮಾತ್ರ ಬಹಳ ವರ್ಷ ಗೊತ್ತಿರಲಿಲ್ಲ. ಸೈಟೊಕೈನ್ ಒಳಗೇ ಹೋಗುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತದೆ, ಆದರೂ ಒಳಗೆ ಜೀನ್‌ಗಳು ಎಚ್ಚರಾಗುತ್ತವೆ, ಹೇಗೆ? 1990ರ ದಶಕದ ಮೊದಲಲ್ಲಿ ಜೇಮ್ಸ್ ಡಾರ್ನೆಲ್, ಜಾರ್ಜ್ ಸ್ಟಾರ್ಕ್, ಇಯಾನ್ ಕೆರ್ ಮತ್ತು ಅವರ ತಂಡದವರು ಇಂಟರ್‌ಫೆರಾನ್ ಹಿಡಿದುಕೊಂಡೇ ಇದನ್ನು ಬಿಡಿಸಿದರು. ಸೈಟೊಕೈನ್ ಬಂದು ಎರಡು ರಿಸೆಪ್ಟರ್‌ಗಳನ್ನು ಹತ್ತಿರ ಹಿಡಿಯುತ್ತದೆ. ಅವುಗಳ ಒಳಬಾಲಕ್ಕೆ ಅಂಟಿಕೊಂಡಿರುವ ಜಾಕ್ ಎಂಬ ಕಿಣ್ವಗಳು ಎದುರುಬದುರಾಗಿ ಒಂದನ್ನೊಂದು ಎಬ್ಬಿಸುತ್ತವೆ. ಆಮೇಲೆ ಸ್ಟಾಟ್ ಎಂಬ ಪ್ರೋಟೀನ್‌ಗೆ ಗುರುತು ಹಾಕುತ್ತವೆ, ಅದು ನೇರ ಕೋಶಕೇಂದ್ರಕ್ಕೆ ಹೋಗಿ ಜೀನ್ ಮೇಲೆ ಕೂರುತ್ತದೆ. ಎಲ್ಲ ಕೆಲವೇ ನಿಮಿಷದ ಮಾತು. ಇಷ್ಟು ಚಿಕ್ಕ ದಾರಿ ಅಂತ ಓದಿದ ದಿನ ನನಗೆ ನಿಜವಾಗಲೂ ರೋಮಾಂಚನವಾಯಿತು.

ಎಲ್ಲ ಸೈಟೊಕೈನ್‌ಗೂ ಇದೇ ದಾರಿಯಲ್ಲ. ಅತ್ತೆಯ ಬೆರಳು ನೋವಿಗೆ ಸಂಬಂಧಪಟ್ಟದ್ದು ಇನ್ನೊಂದು ಸೈಟೊಕೈನ್, ಟಿಎನ್‌ಎಫ್ ಅಂತ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಲಿಗಳ ಗಡ್ಡೆ ಒಣಗಿಸುವ ವಸ್ತುವಾಗಿ ಇದು ಸಿಕ್ಕಿತು. ಕ್ಯಾನ್ಸರಿಗೆ ಮದ್ದು ಸಿಕ್ಕಿತು ಅಂತ ಎಲ್ಲರಿಗೂ ಆಸೆ. ಹತ್ತು ವರ್ಷ ಕಳೆದ ಮೇಲೆ, ಕಾಯಿಲೆಯಲ್ಲಿ ಮೈ ಕರಗಿಸುವ ವಸ್ತುವನ್ನು ಹುಡುಕುತ್ತಿದ್ದ ಬೇರೆ ತಂಡಕ್ಕೂ ಸಿಕ್ಕಿದ್ದು ಇದೇ ಪ್ರೋಟೀನ್. ಮೂರು ತುಂಡು ಸೇರಿ ಒಂದಾಗಿರುವ ಇದು ಒಟ್ಟಿಗೆ ಮೂರು ರಿಸೆಪ್ಟರ್‌ಗಳನ್ನು ಹಿಡಿಯುತ್ತದೆ, ಕೋಶದೊಳಗೆ ಉರಿಯೂತದ ಗಂಟೆ ಬಾರಿಸುತ್ತದೆ. ಸಂಧಿವಾತದವರ ಕೀಲಿನಲ್ಲಿ ಆ ಗಂಟೆ ನಿಲ್ಲುವುದೇ ಇಲ್ಲ.

ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ 1992ರಲ್ಲಿ ಟಿಎನ್‌ಎಫ್ ತಡೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಊತ ಇಳಿಯಿತು. 1998ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆದ ಎಟನರ್ಸೆಪ್ಟ್ ಇನ್ನೂ ಚೆಂದದ ಉಪಾಯ. ರಿಸೆಪ್ಟರ್‌ನ ಹೊರಭಾಗವನ್ನೇ ಕತ್ತರಿಸಿ ತೆಗೆದು, ಆಂಟಿಬಾಡಿಯ ತುಂಡಿಗೆ ಜೋಡಿಸಿ ರಕ್ತಕ್ಕೆ ಬಿಡುವುದು. ಟಿಎನ್‌ಎಫ್ ಬಂದು ಅದಕ್ಕೇ ಅಂಟಿಕೊಳ್ಳುತ್ತದೆ, ಆದರೆ ಆ ರಿಸೆಪ್ಟರ್ ಹಿಂದೆ ಕೋಶವೇ ಇಲ್ಲ, ಹಾಗಾಗಿ ಗಂಟೆ ಬಾರಿಸುವುದಿಲ್ಲ. ನಮ್ಮ ಮೈ ಕೂಡ ಜ್ವರ ಬಂದಾಗ ಇದನ್ನೇ ಮಾಡುತ್ತದೆ, ರಿಸೆಪ್ಟರ್‌ಗಳನ್ನು ಕತ್ತರಿಸಿ ರಕ್ತಕ್ಕೆ ಬಿಡುತ್ತದೆ.

ಇನ್ನು ಎದೆಯ ಮಾತು. ಟಿಬಿ ಕ್ರಿಮಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಕಾಯಿಲೆ ಮಾಡದೆ ವರ್ಷಗಟ್ಟಲೆ ಇರುತ್ತದೆ. ರಕ್ಷಣಾ ಕೋಶಗಳು ಸುತ್ತಲೂ ಗೋಡೆ ಕಟ್ಟಿ ಅದನ್ನು ಕೂಡಿಹಾಕಿರುತ್ತವೆ. ಆ ಗೋಡೆ ನಿಲ್ಲಬೇಕಾದರೆ ಟಿಎನ್‌ಎಫ್ ಬೇಕೇ ಬೇಕು. ಬೆರಳಲ್ಲಿ ಕಾಟ ಕೊಡುವ ಟಿಎನ್‌ಎಫ್, ಅದೇ ರಿಸೆಪ್ಟರ್ ಕುಟುಂಬದ ಮೂಲಕ, ಎದೆಯಲ್ಲಿ ಕಾವಲು ಕಾಯುತ್ತಿದೆ. ಅತ್ತೆಗೆ ಕೊಡಬೇಕೆಂದಿರುವುದೂ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ನೇ, ಅದಕ್ಕೆ ಬೆರಳು ಯಾವುದು, ಎದೆ ಯಾವುದು ಅಂತ ಗೊತ್ತಾಗುವುದಿಲ್ಲ ಅಲ್ವಾ? 2001ರಲ್ಲಿ ಈ ಜಾತಿಯ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಪಡೆದ 70 ಜನರಿಗೆ ಟಿಬಿ ಬಂದ ವರದಿ ಪ್ರಕಟವಾಯಿತು, ಹಲವರಿಗೆ ಮೂರು ಡೋಸ್ ಒಳಗೇ. ಆಮೇಲೆ ಮೊದಲು ಟಿಬಿ ನೋಡಿಯೇ ಮುಂದೆ ಹೋಗುವುದು ಪದ್ಧತಿಯಾಯಿತು. ಟಿಬಿ ಇಷ್ಟೊಂದಿರುವ ನಮ್ಮ ದೇಶದಲ್ಲಿ ಈ ಪರೀಕ್ಷೆ ತಪ್ಪಿಸುವುದನ್ನು ನಾನಂತೂ ಒಪ್ಪಲಾರೆ, ದುಡ್ಡು ಜಾಸ್ತಿ ಆದರೂ ಸರಿ.

ಅತ್ತೆಯ ಎಕ್ಸ್‌ರೇ ಚೆನ್ನಾಗಿತ್ತು. ರಕ್ತಪರೀಕ್ಷೆ ಪಾಸಿಟಿವ್ ಬಂತು. ಆ ಪರೀಕ್ಷೆಯಲ್ಲಿ ಅಳೆಯುವುದು, ಟಿಬಿ ಕ್ರಿಮಿಯ ಪ್ರೋಟೀನ್ ಕಂಡಾಗ ನಮ್ಮ ಕೋಶಗಳು ಎಷ್ಟು ಇಂಟರ್‌ಫೆರಾನ್ ಗಾಮಾ ಬಿಡುತ್ತವೆ ಅನ್ನುವುದನ್ನು. ಈಗ ಅವರು ಒಳಗಿರುವ ಟಿಬಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಂದು ತಿಂಗಳಾದ ಮೇಲೆ ಬೆರಳಿನ ಇಂಜೆಕ್ಷನ್ ಶುರು ಮಾಡೋಣ ಅಂದಿದ್ದಾರೆ ಡಾಕ್ಟರ್.